ಹಲ್ಲು ನೋಡದೆ ಕೂಗಿದ ಸವಾಲು

ಕಾಲೇಜು ಬಿಟ್ಟ ಮೇಲೆ ನಿಡಗುಂದಿ ಬಸ್ ನಿಲ್ದಾಣದಲ್ಲಿ ಅರ್ಧ ತಾಸು ನಿಂತು ನೋಡಿರಿ. ಆಲಮಟ್ಟಿ ಕಡೆ ಹೋಗುವವರು, ಬಸವನ ಬಾಗೇವಾಡಿ ಕಡೆ ಹೋಗುವವರು, ಬಸ್ಸು ಬರುವ ತನಕ ನಾಲ್ಕೈದು ಜನ ಒಂದೇ ಮೊಬೈಲಿಗೆ ತಲೆ ಹಚ್ಚಿ ನಿಂತಿರುತ್ತಾರೆ. ಮೊದಲೆಲ್ಲ ಅದರಲ್ಲಿ ಕ್ರಿಕೆಟ್ ಇರುತ್ತಿತ್ತು. ಈಗ ಕಾರಿನ ಹರಾಜು. ಎಲ್ಲಿಯದೋ ಫೆರಾರಿ, ಯಾರದೋ ಪೋರ್ಶೆ, ಅದರ ಕೆಳಗೆ ಓಡುವ ಗಡಿಯಾರ, ಏರುವ ಬೆಲೆ. "ಇನ್ನೂ ಏರ್ತದ ನೋಡಲೇ" ಎಂದು ಒಬ್ಬ, "ಇಲ್ಲ, ಇಲ್ಲಿಗೇ ನಿಲ್ತದ" ಎಂದು ಇನ್ನೊಬ್ಬ. ಆ ಗುಂಪಿನಲ್ಲಿ ನಾನೂ ಇದ್ದೆ. ಈಗಲೂ ಇದ್ದೇನೆ.

ನೋಡುವುದು ತಪ್ಪು ಎಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ನೋಡುವುದಕ್ಕೆ ದುಡ್ಡು ಬೇಕಾಗಿಲ್ಲ. ಆದರೆ ನೋಡುವುದಕ್ಕೂ ಸವಾಲು ಕೂಗುವುದಕ್ಕೂ ನಡುವೆ ಇರುವುದು ಒಂದು ಗುಂಡಿ ಮಾತ್ರ. ಅದನ್ನು ಒತ್ತಿದರೆ ಅದು ಆಟವಲ್ಲ, ಕೊಟ್ಟ ಮಾತು. ಇದು ನನಗೆ ಇಪ್ಪತ್ತು ಸಾವಿರ ರೂಪಾಯಿ ಕಳೆದ ಮೇಲೆ ತಿಳಿಯಿತು. ನಿಮಗೆ ಪುಕ್ಕಟೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಈ ಹುಚ್ಚು ಹತ್ತುವುದಕ್ಕೆ ಕಾರಣವೂ ಇದೆ. ಕೆಲವು ವರ್ಷಗಳ ಹಿಂದೆ ವಿಜಯ್ ಮಲ್ಯ ಅವರ ಕಾರುಗಳನ್ನು ಬ್ಯಾಂಕಿನವರು ಸಾಲಕ್ಕಾಗಿ ಹರಾಜಿಗೆ ಇಟ್ಟಾಗ ನಮ್ಮ ಹುಬ್ಬಳ್ಳಿಯ ಉದ್ಯಮಿಯೊಬ್ಬರು ಆನ್‌ಲೈನ್‌ನಲ್ಲೇ ಸವಾಲು ಕೂಗಿ ಎರಡು ಕಾರು ಪಡೆದರು. ಹುಂಡೈ ಸೊನಾಟಾ 40 ಸಾವಿರಕ್ಕೆ, ಹೋಂಡಾ ಅಕಾರ್ಡ್ 1 ಲಕ್ಷಕ್ಕೆ. ಆ ಸುದ್ದಿ ಪತ್ರಿಕೆಗಳಲ್ಲಿ ಬಂತು. ಇನ್ನೊಂದು ತುದಿಯ ಸುದ್ದಿ 2022ರ ಮೇ ತಿಂಗಳಿನದು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕೂಪೆ ಎಂಬ ಕಾರು 13.5 ಕೋಟಿ ಯೂರೋಗೆ ಹರಾಜಾಯಿತು. ನಮ್ಮ ದುಡ್ಡಿನಲ್ಲಿ ಸಾವಿರ ಕೋಟಿ ದಾಟುತ್ತದೆ. ಅಂಥ ಕಾರು ತಯಾರಾದದ್ದು ಎರಡೇ ಎರಡು. ಬಂದ ಹಣವನ್ನು ವಿದ್ಯಾರ್ಥಿವೇತನದ ನಿಧಿಗೆ ಇಡುವುದಾಗಿ ಕಂಪನಿ ಹೇಳಿತು.

ಒಂದು ಕಡೆ ನಲವತ್ತು ಸಾವಿರ, ಇನ್ನೊಂದು ಕಡೆ ಸಾವಿರ ಕೋಟಿ. ಕಡಿಮೆಗೆ ಕೊಂಡು ಹೆಚ್ಚಿಗೆ ಮಾರಿದರೆ ಮುಗಿಯಿತಲ್ಲ ಎಂದು ನಮ್ಮಂಥವರಿಗೆ ಅನಿಸುವುದು ಸಹಜ. ನಡುವೆ ಎಷ್ಟು ಜನ ಕೈ ಸುಟ್ಟುಕೊಂಡರು ಎಂಬುದು ಸುದ್ದಿಯಾಗುವುದಿಲ್ಲ.

ನಮ್ಮ ರಾಜ್ಯಕ್ಕೂ ಇಂಥ ಅಪರೂಪದ ಕಾರುಗಳ ನಂಟು ಇದೆ. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ಡಾಲ್ಫಿನ್ ಎಂಬ ಫೈಬರ್ ಮೈಯ ಸಣ್ಣ ಕಾರು ಮಾಡಿತು. ಹಗುರವಾಗಿದ್ದುದರಿಂದ ಅದು ರ್‍ಯಾಲಿಗಳಲ್ಲಿ ಹೆಸರು ಮಾಡಿತು. ಆಮೇಲೆ ಬೆಂಗಳೂರಿನದೇ ಸ್ಯಾನ್ ಮೋಟರ್ಸ್ ಗೋವಾದ ಕಾರ್ಖಾನೆಯಲ್ಲಿ ಸ್ಯಾನ್ ಸ್ಟಾರ್ಮ್ ಮಾಡಿತು. ಎರಡೇ ಸೀಟು, ಮೇಲಿನ ಛತ್ತು ತೆಗೆಯಬಹುದು, ಮೈ ಫೈಬರಿನದು, ಒಳಗೆ ಫ್ರಾನ್ಸ್‌ನ ರೆನೋ ಕಂಪನಿಯ ಎಂಜಿನ್. ನಮ್ಮ ದೇಶದಲ್ಲೇ ತಯಾರಾದ ಸ್ಪೋರ್ಟ್ಸ್ ಕಾರು ಎಂದು ಈಗ ಅದನ್ನು ಹುಡುಕಿ ಕೊಳ್ಳುವವರು ಇದ್ದಾರೆ. ನಾನು ಸಿಕ್ಕಿಬಿದ್ದದ್ದು ಇದರಲ್ಲೇ.

ನಮ್ಮ ಭಾಯಿಗೆ ಹೈವೇ ಪಕ್ಕದಲ್ಲಿ ಸಣ್ಣ ಗ್ಯಾರೇಜು ಇದೆ. ಬಾಡಿಗೆಗೆ ಓಡಿಸಲು ಒಂದು ಹಳೆಯ ಚೋಟಾ ಹಾತಿ ಕೊಳ್ಳಬೇಕೆಂದು ಹಳೆ ವಾಹನಗಳ ಆನ್‌ಲೈನ್ ಹರಾಜಿನಲ್ಲಿ ಹೆಸರು ನೋಂದಾಯಿಸಿ 20 ಸಾವಿರ ಠೇವಣಿ ಇಟ್ಟಿದ್ದ. ಆ ಗಾಡಿ ಅವನ ಲೆಕ್ಕ ದಾಟಿ ಹೋಯಿತು, ಭಾಯಿ ಬಿಟ್ಟುಬಿಟ್ಟ. ಠೇವಣಿ ಇನ್ನೂ ವಾಪಸು ಬಂದಿರಲಿಲ್ಲ. ಅವತ್ತು ರಾತ್ರಿ ಅವನ ಮೊಬೈಲು ನನ್ನ ಕೈಯಲ್ಲಿತ್ತು. ಅದೇ ಹರಾಜಿನಲ್ಲಿ ಗೋವಾ ನಂಬರಿನ ಒಂದು ಕೆಂಪು ಸ್ಯಾನ್ ಸ್ಟಾರ್ಮ್ ಕಂಡಿತು. ಬೆಲೆ 1,40,000ಕ್ಕೆ ನಿಂತಿತ್ತು. ಹನ್ನೊಂದು ನಿಮಿಷ ಉಳಿದಿತ್ತು.

ನಾನು ಐದು ಸಾವಿರ ಏರಿಸಿದೆ. ಯಾರೋ ಮತ್ತೆ ಏರಿಸಿದರು. ನಾನೂ ಏರಿಸಿದೆ. ನಿಜ ಹೇಳುತ್ತೇನೆ, ನನಗೆ ಆ ಕಾರು ಬೇಕಾಗಿರಲಿಲ್ಲ, ಆ ಕಾಣದ ಮನುಷ್ಯನನ್ನು ಸೋಲಿಸಬೇಕಾಗಿತ್ತು. ಕೊನೆಗೆ ಅವನು ಏರಿಸುತ್ತಾನೆ, ನಾನು ಬಿಟ್ಟುಬಿಡುತ್ತೇನೆ ಎಂದುಕೊಂಡಿದ್ದೆ. 1,85,000ಕ್ಕೆ ಬಂದಾಗ ಅವನೇ ಬಿಟ್ಟುಬಿಟ್ಟ. ಪರದೆ ಮೇಲೆ ಅಭಿನಂದನೆ ಬಂತು. ನನ್ನ ಕೈ ತಣ್ಣಗಾಯಿತು.

ಬೆಳಿಗ್ಗೆ ಭಾಯಿ ಬಯ್ಯಲಿಲ್ಲ. ಕೂತು ಹರಾಜಿನ ಷರತ್ತು ಪೂರ್ತಿ ಓದಿದ. 'ಇದ್ದಲ್ಲಿ, ಇದ್ದಂತೆ' ಎಂದು ಬರೆದಿತ್ತು. ಅಂದರೆ ಕಾರು ಎಲ್ಲಿದೆಯೋ ಅಲ್ಲಿಂದ ನೀವೇ ತರಬೇಕು, ಹೇಗಿದೆಯೋ ಹಾಗೆ ಒಪ್ಪಬೇಕು. ಏಳು ದಿನದಲ್ಲಿ ಹಣ ತುಂಬದಿದ್ದರೆ ಠೇವಣಿ ಹೋಯಿತು. ಅವನು ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದ. ಹರಾಜಿನವರ ಶುಲ್ಕ, ಗೋವಾದಿಂದ ಲಾರಿ ಮೇಲೆ ತರುವ ಖರ್ಚು, ನಮ್ಮ ರಾಜ್ಯದ ತೆರಿಗೆ, 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ, ಎಂಜಿನ್ನಿನ ಸಾಮಾನು. ಸಾಮಾನು ಎಲ್ಲಿ ಸಿಗುತ್ತದೆ ಎಂಬುದೇ ಗೊತ್ತಿಲ್ಲ. ಎರಡೂವರೆ ಲಕ್ಷ ದಾಟಿದ ಮೇಲೆ ಪೆನ್ನು ಇಟ್ಟ. "ಇಪ್ಪತ್ತು ಸಾವಿರ ಹೋಗ್ಲಿ. ಇಲ್ಲಂದ್ರ ಗ್ಯಾರೇಜೇ ಹೋಗ್ತದ" ಎಂದ.

ಆ ಇಪ್ಪತ್ತು ಸಾವಿರ ವಾಪಸು ಬಂದ ಮೇಲೆ ಆಪಾಳ ಹಾಸ್ಟೆಲ್ ಫೀಸಿಗೆ ಹೋಗಬೇಕಾಗಿತ್ತು. ಆಪಾ ವಿಜಯಪುರದಲ್ಲಿ ನರ್ಸಿಂಗ್ ಓದುತ್ತಾಳೆ. ಎರಡು ತಿಂಗಳು ಅವಳು ಹಾಸ್ಟೆಲ್ ಬಿಟ್ಟು ದಿನಾ ಬಸ್ಸಿಗೆ ಓಡಾಡಿದಳು. ಶಕ್ತಿ ಯೋಜನೆ ಇದ್ದುದರಿಂದ ಟಿಕೆಟ್ಟಿನ ಖರ್ಚು ಬರಲಿಲ್ಲ. ಆದರೆ ದಿನದ ನಾಲ್ಕು ತಾಸು ರಸ್ತೆಯಲ್ಲೇ ಹೋಯಿತು, ಆ ಸಲದ ಒಂದು ಇಂಟರ್ನಲ್ಸ್‌ನಲ್ಲಿ ಅವಳಿಗೆ ಅಂಕ ಕಡಿಮೆ ಬಿತ್ತು. ಎಲ್ಲಿಯದೋ ಕಾರು ಮಾರಿದ ಹಣ ವಿದ್ಯಾರ್ಥಿವೇತನಕ್ಕೆ ಹೋಯಿತು. ನಮ್ಮ ಮನೆಯಲ್ಲಿ ಓದಿನ ಹಣವೇ ಕಾರಿಗೆ ಹೋಯಿತು, ಕಾರೂ ಬರಲಿಲ್ಲ.

ಈ ವಿಷಯ ನಮ್ಮ ದಾದಾನ ಕಿವಿಗೂ ಬಿತ್ತು. ದಾದಾ ಬಹಳ ವರ್ಷ ಜಾತ್ರೆಗಳಲ್ಲಿ ಎತ್ತಿನ ದಲಾಲಿ ಮಾಡಿದವರು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಹಲ್ಲ ನೋಡಿದ್ದೇನು?"

"ದಾದಾ, ಅದು ಎತ್ತಲ್ಲ, ಕಾರು."

"ಕಾರಿಗೂ ಹಲ್ಲ ಇರ್ತಾವ ಬೇಟಾ. ನೀ ಬಾಯಿ ತೆರೆದು ನೋಡ್ಲಿಲ್ಲ."

ಎತ್ತು ಕೊಳ್ಳುವಾಗ ನಮ್ಮ ಹಿರಿಯರು ಮೊದಲು ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ವಯಸ್ಸು ಅಲ್ಲಿ ಸುಳ್ಳು ಹೇಳುವುದಿಲ್ಲ. ಆಮೇಲೆ ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ, ನೊಗ ಕಟ್ಟಿ ನೋಡುತ್ತಾರೆ. ಕೊನೆಗೆ ಬೆಲೆಯ ಮಾತು. ಅದೂ ಬಾಯಲ್ಲಿ ಅಲ್ಲ, ವಲ್ಲಿಯ ಕೆಳಗೆ ಬೆರಳು ಹಿಡಿದು. ಯಾಕೆ ಹಾಗೆ ಎಂದು ಕೇಳಿದೆ. ಸುತ್ತ ನಿಂತವರು ಹುರಿದುಂಬಿಸಿದರೆ ಕೊಳ್ಳುವವನ ಲೆಕ್ಕ ತಪ್ಪುತ್ತದೆ, ಅದಕ್ಕೆ ಎಂದರು. ಬೆಲೆ ಒಪ್ಪಿದರೆ ಸಂಚಕಾರ ಕೊಡುವುದು. ಸಂಚಕಾರ ಕೊಟ್ಟು ಹಿಂದೆ ಸರಿದರೆ ಆ ಹಣ ಹೋಯಿತು, ಮುಂದಿನ ಜಾತ್ರೆಯಲ್ಲಿ ಮರ್ಯಾದೆಯೂ ಹೋಯಿತು. ನಾನು ಭಾಯಿಯ ಠೇವಣಿಯನ್ನು ಬರೀ ಒಂದು ಅಂಕಿ ಎಂದುಕೊಂಡಿದ್ದೆ. ಅದು ಸಂಚಕಾರ.

ಆನ್‌ಲೈನ್ ಹರಾಜಿನಲ್ಲಿ ವಲ್ಲಿ ಇಲ್ಲ. ಎಲ್ಲರ ಬೆಲೆಯೂ ಎಲ್ಲರಿಗೂ ಕಾಣುತ್ತದೆ. ಅದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಅಮೆರಿಕದ ಬ್ರಿಂಗ್ ಎ ಟ್ರೇಲರ್ ಎಂಬ ಹೆಸರುವಾಸಿ ಕಾರು ಹರಾಜಿನಲ್ಲಿ ಒಂದು ನಿಯಮವಿದೆ. ಕೊನೆಯ ಎರಡು ನಿಮಿಷದಲ್ಲಿ ಯಾರಾದರೂ ಕೂಗಿದರೆ ಗಡಿಯಾರ ಮತ್ತೆ ಎರಡು ನಿಮಿಷಕ್ಕೆ ಹೋಗುತ್ತದೆ. ಕೊನೆಯ ಸೆಕೆಂಡಿನಲ್ಲಿ ನುಗ್ಗಿ ಯಾರೂ ಕಸಿದುಕೊಳ್ಳದಿರಲಿ ಎಂದು ಮಾಡಿದ ನ್ಯಾಯದ ನಿಯಮ ಅದು. ಆದರೆ ಹದಿನೇಳು ವರ್ಷದವನ ಕೈಗೆ ಅದೇ ಎರಡು ನಿಮಿಷ 'ಇನ್ನೊಂದು ಸಲ, ಇನ್ನೊಂದು ಸಲ' ಎಂದು ಹೇಳುತ್ತಲೇ ಇರುತ್ತದೆ.

ಹಾಗಾದರೆ ಕಾರಿನ ಹಲ್ಲು ಎಂದರೆ ಯಾವುದು? ಒಂದು, ಕಾಗದಪತ್ರ. ಆರ್‌ಸಿಯಲ್ಲಿರುವ ಎಂಜಿನ್ ನಂಬರು, ಚಾಸಿ ನಂಬರು ಕಾರಿನ ಮೇಲಿನದಕ್ಕೆ ಕೂಡಬೇಕು. ಸಂಗ್ರಹದ ಕಾರುಗಳಲ್ಲಿ ಕಾರ್ಖಾನೆಯಿಂದ ಬಂದ ಎಂಜಿನ್ನೇ ಇದ್ದರೆ ಒಂದು ಬೆಲೆ, ಬದಲಾಗಿದ್ದರೆ ಬೇರೆ ಬೆಲೆ. ಎರಡು, ಸಾಲ. ಹಿಂದಿನವರ ಸಾಲ ತೀರದಿದ್ದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಕೂತಿರುತ್ತದೆ. ಮೂರು, ತೆರಿಗೆ. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನೋಂದಣಿ ಮಾಡಿಸಬೇಕು. ಅದಕ್ಕೆ ಹಿಂದಿನ ಆರ್‌ಟಿಓದಿಂದ ಎನ್‌ಓಸಿ ಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿ ಒಂದಕ್ಕೆ ಆರ್‌ಟಿಓದವರು ನೋಟಿಸು ಕೊಟ್ಟಾಗ ಮಾಲೀಕರು ಕಟ್ಟಿದ ತೆರಿಗೆ ಸುಮಾರು 1.42 ಕೋಟಿ ರೂಪಾಯಿ. ಅವರು ಕಟ್ಟಬಲ್ಲವರು, ಕಟ್ಟಿದರು. ಭಾಯಿಗೆ ಅದರ ನೂರನೇ ಪಾಲೂ ಭಾರ.

ಇನ್ನೊಂದು ಮಾತು. 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ತಂದಿತು. ನಂಬರಿನಲ್ಲಿ 'ವಿಎ' ಎಂಬ ಅಕ್ಷರ ಬರುತ್ತದೆ. ಆದರೆ ಅದು 50 ವರ್ಷ ದಾಟಿದ ವಾಹನಗಳಿಗೆ ಮಾತ್ರ. ನಾನು ಕೂಗಿದ ಕಾರು ಹೊಸದರ ಸಾಲಿಗೂ ಇಲ್ಲ, ಆ ಸಾಲಿಗೂ ಇಲ್ಲ.

ಇಷ್ಟಾದ ಮೇಲೆ ಪಕ್ಕದ ಮನೆಯ ಬಿ.ಕಾಂ. ವಿದ್ಯಾರ್ಥಿಯ ಪುಸ್ತಕ ತಂದು ಓದಿದೆ. 1872ರ ಕರಾರು ಕಾಯ್ದೆಯ 11ನೇ ಕಲಮಿನಂತೆ 18 ತುಂಬದವನು ಕರಾರು ಮಾಡುವಂತಿಲ್ಲ. ಅಂದರೆ ನಾನು ಕೂಗಿದ ಸವಾಲಿಗೆ ನನ್ನ ಹೆಸರಿನಲ್ಲಿ ಬೆಲೆಯೇ ಇಲ್ಲ. ಅದಕ್ಕೇ ನಮ್ಮಂಥವರು ಅಣ್ಣನ, ಮಾಮನ ಹೆಸರಿನಲ್ಲಿ ಒಳಗೆ ಹೋಗುತ್ತೇವೆ. ಒತ್ತುವ ಬೆರಳು ನಮ್ಮದು, ಬೀಳುವ ಹೊಣೆ ಅವರದು. ಇದನ್ನು ಧೈರ್ಯ ಎಂದು ಕರೆಯುವುದು ಸರಿಯಲ್ಲ.

ಅದೇ ಪುಸ್ತಕದಲ್ಲಿ 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮೂ ಇತ್ತು. ಬೆಲೆ ಏರಿಸಲು ಮಾರುವವನೇ ಸುಳ್ಳು ಸವಾಲು ಕೂಗಿಸಿದರೆ ಕೊಂಡವನು ಆ ವ್ಯಾಪಾರವನ್ನು ರದ್ದು ಮಾಡಬಹುದು. ಓದುವಾಗ ನಮಗೆ ಮದರಸಾದಲ್ಲಿ ಹೇಳಿಕೊಟ್ಟ 'ನಜಶ್' ಎಂಬ ಮಾತು ನೆನಪಾಯಿತು. ಕೊಳ್ಳುವ ಮನಸ್ಸಿಲ್ಲದೆ ಬರೀ ಬೆಲೆ ಏರಿಸಲು ಕೂಗುವುದು ನಿಷಿದ್ಧ ಎಂದು ಹೇಳಿಕೊಟ್ಟಿದ್ದರು. ಅವತ್ತು ರಾತ್ರಿ ನನ್ನ ಎದುರಿಗಿದ್ದವನು ನಿಜವಾದ ಗಿರಾಕಿಯೋ ಅಲ್ಲವೋ, ಗೊತ್ತಿಲ್ಲ. ಆದರೆ ಕೊಳ್ಳುವ ಮನಸ್ಸಿಲ್ಲದೆ ಕೂಗಿದವನು ಒಬ್ಬನಂತೂ ಇದ್ದ. ಅವನು ನಾನೇ. ಅವನಿಗೆ ಆ ಕಾರು ನಿಜವಾಗಿ ಬೇಕಾಗಿದ್ದರೆ ನಾನು ಅವನಿಗೂ ಮೋಸ ಮಾಡಿದೆ, ಮಾರುವವನಿಗೂ ಮೋಸ ಮಾಡಿದೆ.

"ಹಾಗಾದರೆ ಆನ್‌ಲೈನ್ ಹರಾಜೇ ಬೇಡವೇನು?" ಎಂದು ಗೆಳೆಯರು ಕೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ನಮ್ಮಲ್ಲಿ ಬಹಳ ಜನರ ಮನೆಯ ತೊಗರಿ ಮಾರಾಟವಾಗುವುದೂ ಎಪಿಎಂಸಿಯ ಆನ್‌ಲೈನ್ ಟೆಂಡರಿನಲ್ಲೇ. ಕರ್ನಾಟಕ ಅದನ್ನು 2014ರಿಂದ ರಾಜ್ಯಕ್ಕೆಲ್ಲ ಒಂದೇ ವೇದಿಕೆ ಮಾಡಿ ನಡೆಸುತ್ತಿದೆ. ಮೊದಲು ನಾಲ್ಕು ವ್ಯಾಪಾರಿಗಳು ಸೇರಿ ಹೇಳಿದ್ದೇ ಬೆಲೆ ಎನ್ನುವಂತಿದ್ದಲ್ಲಿ ಈಗ ದೂರದವರೂ ಬೆಲೆ ಹಾಕಬಹುದು. ಆದರೆ ಅಲ್ಲಿ ಕಾಳು ಕಣ್ಣೆದುರು ರಾಶಿ ಬಿದ್ದಿರುತ್ತದೆ, ಯಾರಾದರೂ ಕೈಯಲ್ಲಿ ಹಿಡಿದು ನೋಡಬಹುದು. ಹಳೆಯ ಡಾಲ್ಫಿನ್, ಸ್ಟಾರ್ಮ್ ಕಾರುಗಳನ್ನು ಹುಡುಕಿ ತಂದು ಉಳಿಸುವವರ ಬಗ್ಗೆಯೂ ನನಗೆ ಗೌರವ ಇದೆ. ಅವರು ಇಲ್ಲದಿದ್ದರೆ ಅವು ಗುಜರಿಗೆ ಹೋಗುತ್ತವೆ. ಅವರು ಕಾರು ನೋಡಿ, ಕಾಗದ ನೋಡಿ, ತಮ್ಮ ದುಡ್ಡು ಎಣಿಸಿ ಕೂಗುತ್ತಾರೆ. ಅದು ಬೇರೆ ಮಾತು.

ನನ್ನ ಅಭಿಪ್ರಾಯ ಇಷ್ಟೇ. ಹದಿನೆಂಟು ತುಂಬುವ ತನಕ, ಅದಕ್ಕಿಂತ ಹೆಚ್ಚಾಗಿ ನಮ್ಮದೇ ದುಡಿಮೆಯ ಹಣ ಬರುವ ತನಕ, ಯಾರ ಹೆಸರಿನಲ್ಲೂ ಸವಾಲು ಕೂಗಬಾರದು. ಆದರೆ ಸವಾಲು ಹೇಗೆ ನಡೆಯುತ್ತದೆ ಎಂಬುದನ್ನು ಈಗಲೇ ಕಲಿಯಬೇಕು. ನಮ್ಮ ವಾಣಿಜ್ಯ ವಿಭಾಗದ ಉಪನ್ಯಾಸಕರಲ್ಲಿ ನನ್ನ ವಿನಂತಿ ಇದೆ. ವರ್ಷಕ್ಕೆ ಒಂದು ತರಗತಿ ಇದಕ್ಕೆ ಕೊಡಿರಿ. ಒಂದು ನಿಜವಾದ ಹರಾಜಿನ ಷರತ್ತಿನ ಪುಟ ತಂದು ಸಾಲು ಸಾಲು ಓದಿಸಿರಿ. ಠೇವಣಿ ಎಂದರೇನು, 'ಇದ್ದಂತೆ' ಎಂದರೇನು, ಹರಾಜಿನ ಬೆಲೆಯ ಮೇಲೆ ಏನೇನು ಕೂಡುತ್ತದೆ, ಇದನ್ನು ತಿಳಿದವನು ನಾಳೆ ಬ್ಯಾಂಕಿನ ಹರಾಜಿನಲ್ಲಿ ಟ್ರ್ಯಾಕ್ಟರ್ ಕೊಳ್ಳುವಾಗಲೂ ಕೈ ಸುಟ್ಟುಕೊಳ್ಳುವುದಿಲ್ಲ. ಸಾಧ್ಯವಾದರೆ ಒಬ್ಬ ಎತ್ತಿನ ದಲಾಲರನ್ನೂ ಕರೆಯಿರಿ. ನಮ್ಮ ದಾದಾ ಬರಲು ತಯಾರಿದ್ದಾರೆ.

ನಾನು ಪ್ರತಿ ಭಾನುವಾರ ಭಾಯಿಯ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತೇನೆ. ಇಪ್ಪತ್ತು ಸಾವಿರದಲ್ಲಿ ಇನ್ನೂ ಒಂಬತ್ತು ಸಾವಿರ ತೀರಬೇಕು. ಆಪಾ ಮತ್ತೆ ಹಾಸ್ಟೆಲ್ಲಿಗೆ ಹೋಗಿದ್ದಾಳೆ. ಬಸ್ ನಿಲ್ದಾಣದಲ್ಲಿ ಗೆಳೆಯರು ಹರಾಜು ಹಚ್ಚಿದರೆ ಈಗಲೂ ನಾನು ತಲೆ ಹಾಕುತ್ತೇನೆ. ಆದರೆ ಮೊದಲು ಕೇಳುವುದು ಬೆಲೆಯಲ್ಲ.

"ಲೇ, ಹಲ್ಲ ನೋಡೀರೇನು?"

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿ