ಘಟ್ಟಕ್ಕೆ ಬೇಕಾದುದು ದೊಡ್ಡ ಎಂಜಿನ್ನೇ?

ಘಟ್ಟದ ಊರಿಗೆ ದೊಡ್ಡ ಎಂಜಿನ್ನಿನ ಪಿಕಪ್ಪೇ ಬೇಕೆಂಬುದು ಮಾರಾಟಗಾರರ ಮಂತ್ರವೇ ಹೊರತು ಯಂತ್ರಶಾಸ್ತ್ರದ ಸತ್ಯವಲ್ಲ. ಗಾಡಿಯನ್ನು ಏರು ಹತ್ತಿಸುವುದು ಚಕ್ರಕ್ಕೆ ತಲುಪುವ ತಿರುಗುಬಲ. ಅದನ್ನು ಹೆಚ್ಚಿಸುವುದು ಹಿಂದಿನ ಆಕ್ಸಲಿನ ಕ್ರೌನ್ ಪಿನಿಯನ್. ಅದರ ಅನುಪಾತ 3.55ರ ಬದಲು 4.10 ಇದ್ದರೆ, ಅದೇ ಎಂಜಿನ್ ಅದೇ ಗೇರಿನಲ್ಲಿ ಶೇಕಡಾ 15ರಷ್ಟು ಹೆಚ್ಚು ಬಲವನ್ನು ಚಕ್ರಕ್ಕೆ ನೀಡುತ್ತದೆ. ಇಳಿಜಾರಿನಲ್ಲಿ ಎಂಜಿನ್ನಿನ ತಡೆಯೂ ಬಿಗಿಯಾಗಿ, ಬ್ರೇಕು ಕಾಯುವುದು ತಗ್ಗುತ್ತದೆ. ಬಯಲಿನ ಹೆದ್ದಾರಿಯಲ್ಲಿ ಇಂಥ ಗಾಡಿ ಹೆಚ್ಚು ಡೀಸೆಲ್ ಕುಡಿಯುವುದು ನಿಜ. ಆದರೆ ಆಗುಂಬೆಯ ತಿರುವುಗಳಲ್ಲಿ ಆ ವೇಗಕ್ಕೆ ಎಡೆಯೆಲ್ಲಿ?

ಅಡಿಕೆ ಮೂಟೆ ಹೊರುವ ಗಾಡಿಗೆ ಬೇಡದ ಬಲವನ್ನು ತುಂಬಿ, ಬಳಿಕ ಆ ಬಲದ ಓಟಕ್ಕಾಗಿ ಗುಡ್ಡ ಕಡಿದು ರಸ್ತೆ ಅಗಲಿಸಿರೆನ್ನುವುದು ಯಾವ ಅಭಿವೃದ್ಧಿ? ಹೆದ್ದಾರಿಗೆಂದು ಕಡಿದ ಗುಡ್ಡ 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಜನರ ಮೇಲೆಯೇ ಕುಸಿಯಿತು. ಕೊಳ್ಳುವವರು ಸಿಸಿ ಕೇಳುವ ಮೊದಲು ಅನುಪಾತವನ್ನು ಕೇಳಲಿ. ಗಾಡಿ ಬೆಟ್ಟಕ್ಕೆ ಹೊಂದಿಕೊಳ್ಳಬೇಕು, ಬೆಟ್ಟ ಗಾಡಿಗಲ್ಲ.