ಮನೆ ನಡೆಸೋಕೆ ಗಾರೆ ಕೆಲಸ ಯಾಕೆ?

ಹಿಮಾಯತ್‌ನಗರದಲ್ಲಿ ಬಸ್ಸು ಹತ್ತಿ ಅಮೀರ್‌ಪೇಟೆಯಲ್ಲಿ ಇಳಿದರೆ ಎತ್ತ ನೋಡಿದರೂ ಕಂಪ್ಯೂಟರ್ ಕೋರ್ಸಿನ ಬೋರ್ಡುಗಳು. ಜಾವಾ, ಪೈಥಾನ್! ಕನ್ನಡ ಬಿ.ಎ. ಓದುವವನು ಹೆದರಿ ವಾಪಸ್ಸು. ಹೆದರಿಕೆ ಯಾಕೆ? ಮನೆ ಕಟ್ಟುವ ವಿದ್ಯೆ ಬೇರೆ, ಕಟ್ಟಿದ ಮನೆ ನಡೆಸುವ ವಿದ್ಯೆ ಬೇರೆ. 2003ರಲ್ಲಿ ಬಂದ ವರ್ಡ್‌ಪ್ರೆಸ್ ಉಚಿತ. ಕೋಡ್ ಬರೆಯದೆಯೇ ಲೇಖನ, ಚಿತ್ರ ಏರಿಸಬಹುದು.

ಫೀಸು ಕಟ್ಟುವ ಮುಂಚೆ ಮೂರೇ ಪ್ರಶ್ನೆ ಕೇಳಿ: ಡೊಮೈನ್ ನವೀಕರಿಸೋದು ಕಲಿಸ್ತೀರಾ? ಬ್ಯಾಕಪ್ ತೆಗೆದು ಮತ್ತೆ ಕೂರಿಸೋದು? ಯೂನಿಕೋಡ್ ಕನ್ನಡ? 'ಇಲ್ಲ' ಅಂದರೆ ಎದ್ದು ಬನ್ನಿ.

ಗೆಳೆಯರೇ, ಹೊರನಾಡ ಸಂಘವೊಂದರ ವೆಬ್‌ಸೈಟು ಒಬ್ಬ ಇಂಜಿನಿಯರ್ ಹುಡುಗನ ಕೈಯಲ್ಲೇ ಇದ್ದರೆ, ಅವನು ಊರು ಬಿಟ್ಟ ಮೇಲೆ ಡೊಮೈನಿಗೆ ದುಡ್ಡು ಕಟ್ಟುವವರಿಲ್ಲ. ಅಲ್ಲಿದ್ದ ಕನ್ನಡವೂ ಮಾಯ. ಆ ಬೀಗದ ಕೈ ಕನ್ನಡ ಓದಿದವರ ಹತ್ತಿರವೂ ಇರಲಿ.