ಪದದ ಬೆನ್ನು ಹತ್ತಿ: ‘ನೈಸ್’

ವಿನೋಬನಗರದ ಹಿಟ್ಟಿನ ಗಿರಣಿಯ ಮುಂದೆ ತುಸು ಹೊತ್ತು ನಿಂತರೆ ಈ ಪದ ಕಿವಿಗೆ ಬೀಳದೆ ಇರದು. “ಗೋಧಿ ನೈಸಾಗಿ ಬೀಸ್ರಿ, ಅಕ್ಕಿ ತರಿಯಾಗಿರ್ಲಿ.” ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಕ್ಕಳು ಇದನ್ನು ಕೇಳಿ ನಗುವುದುಂಟು. ನೈಸ್ ಎಂದರೆ ‘ಚೆನ್ನಾಗಿರುವುದು’, ಹಿಟ್ಟಿಗೆ ಆ ಮಾತು ಸಲ್ಲದೆಂಬುದು ಅವರ ವಾದ. ಅಜ್ಜಿಯರು ಅಳುಕಿ ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಾದ ಕಾರಣವಿಲ್ಲವೆಂದು ತಿಳಿಸಲೆಂದೇ ನಾವು ಈ ಗುಣವಾಚಕವನ್ನು ಎತ್ತಿಕೊಂಡಿದ್ದೇವೆ.

ಇದರ ಮೂಲ ಲ್ಯಾಟಿನ್ನಿನ ‘ನೆಸ್ಕಿಯಸ್’; ಅರಿಯದವನು ಎಂದರ್ಥ. ‘ನೆ’ ಎಂದರೆ ಇಲ್ಲ, ‘ಸ್ಕೀರೆ’ ಎಂದರೆ ಅರಿಯುವುದು. ‘ಸೈನ್ಸ್’ ಪದದ ತಾಯಿಬೇರೂ ಈ ಸ್ಕೀರೆಯೇ ಎಂಬುದು ಸೋಜಿಗ. ಹಳೆಯ ಫ್ರೆಂಚಿನ ಮೂಲಕ 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗ ನೈಸ್ ಎನಿಸಿಕೊಂಡವನು ದಡ್ಡ! ಮುಂದೆ ಎಲ್ಲಕ್ಕೂ ಮೂಗು ಮುರಿಯುವ ಅತಿ ನಾಜೂಕಿನವನಾದ. 16ನೆಯ ಶತಮಾನದ ಹೊತ್ತಿಗೆ ಸೂಕ್ಷ್ಮ, ನವಿರು, ನಿಖರ ಎಂಬ ಅರ್ಥಗಳು ಸೇರಿದವು. ಹಿತವಾದುದು ಎಂಬ ಇಂದಿನ ಅರ್ಥ ನೆಲೆಯೂರಿದ್ದು 18ನೆಯ ಶತಮಾನದಲ್ಲಿ. ಅದು ಎಷ್ಟು ಸವೆಯಿತೆಂದರೆ, 1817ರ ಕೊನೆಗೆ ಹೊರಬಂದ ‘ನಾರ್ಥ್ಯಾಂಗರ್ ಅಬ್ಬಿ’ ಕಾದಂಬರಿಯಲ್ಲಿ ಜೇನ್ ಆಸ್ಟಿನ್, ಎಲ್ಲಕ್ಕೂ ನೈಸ್ ಎನ್ನುವ ಚಾಳಿಯನ್ನು ಪಾತ್ರವೊಂದರ ಬಾಯಿಂದ ಗೇಲಿ ಮಾಡಿಸಿದ್ದಾಳೆ. ಸೂಕ್ಷ್ಮ ವ್ಯತ್ಯಾಸಕ್ಕೆ ‘ನೈಸ್ ಡಿಸ್ಟಿಂಕ್ಷನ್’ ಎನ್ನುವ ರೂಢಿ ಇಂಗ್ಲಿಷಿನಲ್ಲಿ ಇಂದಿಗೂ ಉಳಿದಿದೆ. ಅಜ್ಜಿಯ ನೈಸು ಮೊಮ್ಮಗನ ನೈಸಿಗಿಂತ ಹಳೆಯ ಅರ್ಥಕ್ಕೆ ಹತ್ತಿರ. ನಮ್ಮ ‘ನಯ’ದೊಡನೆ ಅದಕ್ಕೆ ದನಿಯ ಹೋಲಿಕೆಯಿದ್ದರೂ ಹುಟ್ಟಿನ ನಂಟಿಲ್ಲ. ಬೆಂಗಳೂರಿನ ನೈಸ್ ರಸ್ತೆಯ ಹೆಸರಂತೂ ಕಂಪನಿಯೊಂದರ ಮೊದಲಕ್ಷರಗಳ ಜೋಡಣೆ, ಅದನ್ನಿಲ್ಲಿ ಎಳೆಯಬೇಕಾಗಿಲ್ಲ.

ಬೈಗುಳ ಮೆಚ್ಚುಗೆಯಾಗುವುದು ನಮ್ಮಲ್ಲಿಯೂ ಉಂಟು. ‘ಮೂಢ’ ಮತ್ತು ‘ಮುಗ್ಧ’ ಎರಡೂ ಸಂಸ್ಕೃತದ ‘ಮುಹ್’ ಧಾತುವಿನ ಮಕ್ಕಳು. ದಿಗ್ಭ್ರಮೆಗೊಳ್ಳುವುದು ಅದರ ಅರ್ಥ. ಒಡಹುಟ್ಟಿದವರಲ್ಲಿ ಒಬ್ಬ ಬೈಗುಳವಾಗಿಯೇ ಉಳಿದ; ಇನ್ನೊಬ್ಬನನ್ನು ನಾವು ಎಳೆಯ ಮಕ್ಕಳ ನಗೆಗೆ, ಶರಣರ ಕಥೆಗಳಲ್ಲಿ ಮುಗ್ಧ ಸಂಗಯ್ಯನಂಥ ಹೆಸರಿಗೆ ಇಟ್ಟುಕೊಂಡೆವು.

ನಮಗೆ ಚಿಂತೆಯಿರುವುದು ಬೇರೆ ಕಡೆ. ದೋಸೆ ಗರಿಗರಿ, ಸೀರೆ ನವಿರು, ಹಾಡು ಇಂಪು, ಅಳಿಯ ಸಂಭಾವಿತ ಎನ್ನುತ್ತಿದ್ದ ಮನೆಗಳಲ್ಲಿ ಈಗ ಎಲ್ಲವೂ ನೈಸ್. ದಾವಣಗೆರೆಯವರ ‘ಚಲೋ’ ಕೂಡ ಮೂಲೆ ಸೇರುತ್ತಿದೆ. ಅಜ್ಜಿಯಾದರೋ ಆ ಪದವನ್ನು ಹಿಟ್ಟಿನ ಹದಕ್ಕೆ ಇಟ್ಟುಕೊಂಡಿದ್ದಾಳೆ. ಇನ್ನೊಂದು ಕಡೆ ಬಳಸಿದರೆ, ಜಾತ್ರೆಯ ಖರ್ಚಿಗೆ ಕಾಸು ಕೇಳಲು ಬೆನ್ನು ಸವರುವ ಮೊಮ್ಮಗನಿಗೆ “ನೈಸ್ ಮಾಡಬ್ಯಾಡ, ನಡಿ ಆಚೆ” ಎನ್ನುವಾಗ ಮಾತ್ರ.